ಹಮೀದಾಕ ಸೂರ್ಯನನ್ನು ಮುಳುಗಿಸಿದ್ದು

ಸೌದಿಯ ಅಲ್ ಖೋಬರಿನ ಥುಕ್ಬಾದಲ್ಲಿ, ಸುಟ್ಟರೆ ಪರಿಮಳದ ಹೊಗೆ ಬಿಡುವ ಊದ್ ಮರ ಮಾರುವ ಅಬ್ದುಲ್ ಹಮೀದನನ್ನು, ಅಂದರೆ ಊರವರ ಹಮೀದಾಕನನ್ನು, ಸುಳ್ಳುಗಾರ ಎಂದು ಕರೆದರೆ ತಪ್ಪಾಗುತ್ತದೆ. ತೂಕದಲ್ಲಿ ಅವನು ಗುಲಗಂಜಿಯಷ್ಟೂ ಮೋಸ ಮಾಡಿದವನಲ್ಲ. ಎರಡನೇ ದರ್ಜೆಯ ಮರವನ್ನು ಒಂದನೇ ದರ್ಜೆ ಎಂದು ಯಾರ ತಲೆಗೂ ಕಟ್ಟಿದವನಲ್ಲ. ಅವನು ಹೇಳುತ್ತಿದ್ದದ್ದು ಒಂದೇ ಒಂದು ಸುಳ್ಳು. ಆದರೆ ಆ ಒಂದನ್ನೇ ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ಏಳೆಂಟು ಸಲ ಹೇಳಿ ಹೇಳಿ, ಅದು ಚೆನ್ನಾಗಿ ಮೈಕೈ ತುಂಬಿಕೊಂಡು, ಅಂಗಡಿಯಲ್ಲಿ ಮನೆಯವರ ಹಾಗೆ ಓಡಾಡಿಕೊಂಡಿತ್ತು.

ಸುಳ್ಳು ಇಷ್ಟೇ: ಇಂಡೋನೇಷ್ಯಾದ ಬಾನ್ಯುವಾಂಗಿ ಎಂಬ ಕಡಲೂರಿಗೆ ತಾನೇ ಹೋಗಿದ್ದೇನೆ, ಅಲ್ಲಿನ ಕಾಡು ಹೊಕ್ಕು ಈ ಊದಿನ ಮರವನ್ನು ತಾನೇ ಮೂಸಿ ಆರಿಸಿದ್ದೇನೆ ಎಂಬುದು.

ಉಳ್ಳಾಲದಿಂದ ಬಂದು ಅಂಗಡಿ ಸೇರಿದ ಹೊಸತರಲ್ಲಿ ಮರದ ಚೂರುಗಳು ಬರುತ್ತಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಆ ಊರಿನ ಹೆಸರಿತ್ತು. ಹೆಸರಿನ ಅರ್ಥ ಪರಿಮಳದ ನೀರು ಎಂದು ಒಬ್ಬ ಇಂಡೋನೇಷ್ಯಾದ ಡ್ರೈವರ್ ಹೇಳಿದ. ಅಬ್ಬಾ, ಸುಗಂಧ ಮಾರುವವನಿಗೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕು! ಮರುದಿನವೇ ಒಬ್ಬ ಗಿರಾಕಿ "ನೀನು ನೋಡಿದ್ದೀಯಾ ಆ ಊರು?" ಎಂದು ಕೇಳಿದ. ಹಮೀದ್ ಬಾಯಿ ತಪ್ಪಿ "ನೋಡದೆ ಮತ್ತೆ?" ಎಂದುಬಿಟ್ಟ. ಗಿರಾಕಿ ಒಂದು ತೊಲ ಕೇಳಿದವನು ಮೂರು ತೊಲ ಕಟ್ಟಿಸಿಕೊಂಡು ಹೋದ. ಅಲ್ಲಿಗೆ ಹಮೀದನ ವಿದೇಶ ಪ್ರವಾಸ ಶುರುವಾಯಿತು.

ಆಮೇಲೆ ಮೊಬೈಲ್ ಬಂತು, ವಿಡಿಯೋ ಬಂತು, ಪ್ರವಾಸಕ್ಕೆ ಉಪ್ಪು ಖಾರ ಸೇರಿತು. ಊರಿನ ಬೆನ್ನಿಗೇ ಇಜೆನ್ ಎಂಬ ಅಗ್ನಿಪರ್ವತ. ಅದರ ಬಾಯಲ್ಲಿ ಹಸಿರು ಕೆರೆ, ಕೆರೆಯ ಪಕ್ಕ ನೀಲಿ ಬೆಂಕಿ. ಹೆಗಲ ಮೇಲೆ ಗಂಧಕದ ಬುಟ್ಟಿ ಹೊತ್ತು ಹತ್ತಿಳಿಯುವ ಗಂಡಸರು. ಬಡಗು ದಿಕ್ಕಿಗೆ ಬಲುರಾನ್ ರಾಷ್ಟ್ರೀಯ ಉದ್ಯಾನ, ಅಲ್ಲಿ ಜಿಂಕೆ, ಕಾಡುಕೋಣ, ನವಿಲು. ವಿಡಿಯೋದಲ್ಲಿ ಸಿಗದ್ದನ್ನು ಹಮೀದ್ ತನ್ನ ಉಳ್ಳಾಲದಿಂದ ಎರವಲು ತಂದ. ದೋಣಿ, ಬಲೆ, ಒಣಮೀನಿನ ವಾಸನೆ, ತೆಂಗಿನ ಸಾಲು, ಎಲ್ಲವನ್ನೂ ಎತ್ತಿ ಬಾನ್ಯುವಾಂಗಿಯಲ್ಲಿ ನೆಟ್ಟ. ಅಲ್ಲಿನವರು ನೋಡಿದ್ದರೂ ದೂರು ಹೇಳುತ್ತಿರಲಿಲ್ಲ, ಅಷ್ಟು ಚಂದವಾಗಿ ಊರು ಕಟ್ಟಿದ್ದ ಮಾರಾಯ.

ಈ ಕಥೆಯ ದೊಡ್ಡ ಭಕ್ತೆ ಉಮ್ಮು ನಾಸಿರ್, ಅಂದರೆ ನಾಸಿರನ ತಾಯಿ. ಎಪ್ಪತ್ತು ದಾಟಿದ ಸೌದಿ ವಿಧವೆ, ಕೈಯಲ್ಲಿ ಊರುಗೋಲು, ಮೂಗು ಮಾತ್ರ ಇಪ್ಪತ್ತರ ಹರೆಯದ್ದು. ಪ್ರತಿ ಗುರುವಾರ ಇಳಿಹೊತ್ತಿನ ಅಸರ್ ನಮಾಜ್ ಮುಗಿದ ಮೇಲೆ ಬಂದು ಕುರ್ಚಿಯಲ್ಲಿ ಕೂತರೆ, ಹಮೀದ್ ಧೂಪದ ಕುಂಡದಲ್ಲಿ ಒಂದು ಚೂರು ಇಟ್ಟು ಹೊಗೆ ಎಬ್ಬಿಸಬೇಕು, ಜೊತೆಗೆ ಕಥೆಯನ್ನೂ. ಇಡೀ ಖೋಬರಿನಲ್ಲಿ ಆಕೆ ಬೇರೆ ಯಾವ ಅಂಗಡಿಯ ಊದನ್ನೂ ಮನೆಯೊಳಗೆ ತಂದವಳಲ್ಲ. "ಹಮೀದ್ ಹೇಳಿದನಾ? ಹಾಗಾದರೆ ಸರಿ" ಎನ್ನುವಳು. ಊದಿನ ವ್ಯಾಪಾರವೇ ಹಾಗೆ. ತೂಕವನ್ನು ತಕ್ಕಡಿ ಹೇಳುತ್ತದೆ, ಉಳಿದದ್ದನ್ನೆಲ್ಲ ಮಾರುವವನ ಬಾಯಿಯೇ ಹೇಳಬೇಕು. ಆ ಬಾಯಿ ಒಂದು ಸಲ ಸುಳ್ಳೆಂದು ಗೊತ್ತಾದರೆ ಮುಗಿಯಿತು, ಚಿನ್ನದಂಥ ಮರವೂ ಸೌದೆಯೇ.

ಉಮ್ಮು ನಾಸಿರಳಿಗೆ ಆ ಕಥೆಯಲ್ಲಿ ಬೆಂಕಿ ಬೇಡ, ಬೆಟ್ಟ ಬೇಡ, ಮಸೀದಿಯ ಭಾಗ ಬೇಕು. "ಬಂದರಿನ ಪಕ್ಕ ಒಂದು ಪುಟ್ಟ ಮಸೀದಿ, ಉಮ್ಮೀ. ಮಗ್ರಿಬ್ ನಮಾಜಿಗೆ ನಿಂತಿದ್ದೆ. ಎದುರಿಗೆ ಕಿಟಕಿ, ಕಿಟಕಿಯಾಚೆ ಕಡಲು. ಸೂರ್ಯ ನನ್ನ ಕಣ್ಣೆದುರೇ ನೀರಿಗೆ ಇಳಿಯುತ್ತಿದ್ದ. ಸುಜೂದಿಗೆ ನೆಲಕ್ಕೆ ತಲೆಯಿಟ್ಟರೆ ಅಲೆಯ ಸದ್ದು ಹಣೆಗೇ ತಾಗುತ್ತಿತ್ತು." ಇದನ್ನು ಕೇಳುವಾಗ ಆಕೆ ಕಣ್ಣು ಮುಚ್ಚುತ್ತಿದ್ದಳು. ಖೋಬರಿನಲ್ಲೂ ಕಡಲುಂಟು, ಆದರೆ ಇಲ್ಲಿ ನಮಾಜಿಗೆ ಮಕ್ಕಾ ಇರುವ ಕಿಬ್ಲಾದ ಕಡೆ ತಿರುಗಿದರೆ ಕಡಲು ಬೆನ್ನಿಗೆ ಬೀಳುತ್ತದೆ. ಆಕೆಯ ಅಪ್ಪ ಮೀನು ಹಿಡಿಯುವವರು, ಆಕೆ ಹುಟ್ಟಿದ್ದು ಬೆಳೆದದ್ದು ನೀರಿನ ಅಂಚಿನಲ್ಲಿ. "ಎಪ್ಪತ್ತು ವರ್ಷ ಕಡಲಿಗೆ ಬೆನ್ನು ಹಾಕಿಯೇ ನಮಾಜ್ ಮಾಡಿದೆ ಹಮೀದ್. ಎದುರಿಗೆ ಇಟ್ಟುಕೊಂಡು ಮಾಡುವವರು ಪುಣ್ಯವಂತರು" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಹಮೀದ್ ಆ ನಿಟ್ಟುಸಿರಿಗೆ ಸರಿಯಾಗಿ ಇನ್ನೊಂದು ಚೂರು ಕೆಂಡಕ್ಕೆ ಇಡುತ್ತಿದ್ದ.

ಒಂದು ಗುರುವಾರ ಆಕೆಗೆ ಮೊಣಕಾಲು ನೋವು. ಯಾವಾಗಲೂ ಕಾರಿನಲ್ಲೇ ಕೂತಿರುತ್ತಿದ್ದ ಮನೆಗೆಲಸದ ಮಿಸ್ನಾ ಕೈ ಹಿಡಿದುಕೊಂಡು ಒಳಗೆ ಬಂದಳು. ಮೂವತ್ತರ ಆಸುಪಾಸಿನ ಇಂಡೋನೇಷ್ಯಾದ ಹೆಂಗಸು, ಮಾತು ಕಮ್ಮಿ, ಕಣ್ಣು ಚುರುಕು. ಹಮೀದ್ ಕಥೆ ತೆಗೆದು ಬಾನ್ಯುವಾಂಗಿ ಎಂದನೋ ಇಲ್ಲವೋ, ಅವಳು ಕೂಗಿಯೇಬಿಟ್ಟಳು.

"ಅದು ನನ್ನ ಊರು!"

"ನಿನ್ನ ಊರಾ?" ಉಮ್ಮು ನಾಸಿರ್ ಕುರ್ಚಿಯಲ್ಲೇ ತಿರುಗಿದಳು. "ನಾಲ್ಕು ವರ್ಷದಿಂದ ನನ್ನ ಮನೆಯಲ್ಲಿದ್ದೀಯ, ಹೇಳಲೇ ಇಲ್ಲವಲ್ಲ?"

"ನೀವು ಕೇಳಲಿಲ್ಲ, ಮಾಮಾ." ಮನೆಯೊಡತಿಯನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ.

ಹತ್ತೊಂಬತ್ತು ವರ್ಷದಲ್ಲಿ ಬಾನ್ಯುವಾಂಗಿಯಿಂದ ಒಂದು ನರಪಿಳ್ಳೆಯೂ ಈ ಅಂಗಡಿಗೆ ಕಾಲಿಟ್ಟಿರಲಿಲ್ಲ. ಈಗ ಬಂದವಳು ಬಂದಳು, ಇವನ ದೊಡ್ಡ ಗಿರಾಕಿಯ ಕೈ ಹಿಡಿದುಕೊಂಡೇ ಬರಬೇಕಾ?

"ಹೇಳು ಹಮೀದ್, ಆ ಮಸೀದಿಯ ವಿಷಯ ಹೇಳು. ಪಾಪ, ಅವಳೂ ಕೇಳಲಿ" ಎಂದಳು ಉಮ್ಮು ನಾಸಿರ್.

ಹೇಳದೆ ಉಪಾಯವಿರಲಿಲ್ಲ. ಕಿಟಕಿ, ಕಡಲು, ಇಳಿಯುವ ಸೂರ್ಯ, ಹಣೆಗೆ ತಾಗುವ ಅಲೆ. ಹೇಳುತ್ತಿದ್ದ ಹಾಗೆ ಮಿಸ್ನಾಳ ಹುಬ್ಬು ಮೇಲೇರಿತು, ಏರಿದ್ದು ಇಳಿಯಲೇ ಇಲ್ಲ. ಎಲ್ಲೋ ಎಡವಟ್ಟಾಗಿದೆ ಎಂದು ಹಮೀದನಿಗೆ ಗೊತ್ತಾಯಿತು, ಎಲ್ಲಿ ಎಂದು ಗೊತ್ತಾಗಲಿಲ್ಲ.

"ಹೌದು ಮಾಮಾ" ಎಂದಳು ಮಿಸ್ನಾ, ಅವನನ್ನೇ ನೋಡುತ್ತಾ. "ಸರಿಯಾಗಿ ಹೇಳಿದರು. ಇವರು ನಮ್ಮೂರಿಗೆ ಬಂದವರೇ."

ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವಳು ಒಬ್ಬಳೇ ವಾಪಸ್ ಬಂದಳು. ಮಾಮಾನ ಕನ್ನಡಕ ಅಂಗಡಿಯಲ್ಲಿ ಉಳಿದಿದೆಯಂತೆ. ಉಳಿದದ್ದಲ್ಲ, ಉಳಿಸಿಹೋದದ್ದು. ಕುರ್ಚಿಯ ಕೆಳಗಿನಿಂದ ತಾನೇ ತೆಗೆದುಕೊಂಡಳು.

"ಬಾಬಾ ಹಮೀದ್, ನಮ್ಮೂರಲ್ಲಿ ಸೂರ್ಯ ಕಡಲಿನಿಂದ ಹುಟ್ಟುತ್ತಾನೆ. ಮುಳುಗುವುದು ಇಜೆನ್ ಬೆಟ್ಟದ ಹಿಂದೆ. ಅಲ್ಲಿ ಕಡಲಿಗೆ ಮುಖ ಮಾಡಿ ನಮಾಜಿಗೆ ನಿಂತರೆ ಮಕ್ಕಾಕ್ಕೆ ಬೆನ್ನು ಹಾಕಿದ ಹಾಗೆ."

ಉಳ್ಳಾಲದವನಿಗೆ ಕಡಲೆಂದರೆ ಪಡುವಣ, ಪಡುವಣವೆಂದರೆ ಕಡಲು. ಇದರಲ್ಲಿ ಯೋಚಿಸುವುದಕ್ಕೆ ಏನಿದೆ? ಹುಟ್ಟಿದಂದಿನಿಂದ ಸೂರ್ಯ ಮುಳುಗುವುದು ನೀರಿನಲ್ಲಿ, ನಮಾಜಿಗೆ ನಿಲ್ಲುವುದು ನೀರಿನ ಕಡೆಗೆ. ಹತ್ತೊಂಬತ್ತು ವರ್ಷದಿಂದ ಖೋಬರಿನಲ್ಲಿ ದಿನಾ ಬೆಳಿಗ್ಗೆ ಕಡಲಿನಿಂದ ಸೂರ್ಯ ಎದ್ದು ಬರುತ್ತಿದ್ದರೂ ಈ ಮನುಷ್ಯನ ತಲೆಗೆ ಅದು ಹೋಗಿರಲಿಲ್ಲ. ಜಗತ್ತಿನ ಕಡಲನ್ನೆಲ್ಲ ಅವನು ಉಳ್ಳಾಲದ ಕಡೆಗೇ ತಿರುಗಿಸಿಟ್ಟಿದ್ದ.

"ಮಾಮಾನಿಗೆ ಹೇಳುತ್ತೀಯಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ. ಆದರೆ ನೀವು ಒಂದು ಕೆಲಸ ಮಾಡಬೇಕು." ಅವಳ ದನಿ ಸಣ್ಣದಾಯಿತು. "ನನಗೆ ಮಗಳಿದ್ದಾಳೆ. ಬಿಟ್ಟು ಬರುವಾಗ ಮೂರು ವರ್ಷ, ಈಗ ಏಳು. ರಜೆ ಕೇಳಿದರೆ ಮಾಮಾ ಮುಂದಿನ ಈದ್ ಅನ್ನುತ್ತಾರೆ. ಕೆಟ್ಟವರಲ್ಲ, ನಾನಿಲ್ಲದೆ ಅವರಿಗೆ ಆಗುವುದಿಲ್ಲ, ಅಷ್ಟೇ. ಅವರೇ ಬಾನ್ಯುವಾಂಗಿಗೆ ಹೊರಟರೆ ನನ್ನನ್ನೂ ಕರೆದುಕೊಂಡು ಹೋಗಬೇಕಲ್ಲ? ನಿಮ್ಮ ಮಾತನ್ನು ಅವರು ಕೇಳುತ್ತಾರೆ. ಹೊರಡಿಸಿ."

ಹೀಗೆ ಹಮೀದ್ ಜೀವಮಾನದಲ್ಲೇ ಮೊದಲ ಬಾರಿಗೆ ಊದ್ ಬಿಟ್ಟು ಊರನ್ನೇ ಮಾರಲು ನಿಂತ. ನಾಲ್ಕು ಗುರುವಾರ ಮಾರಿದ. ಅಯ್ಯೋ, ಆ ಮಾರಾಟವೋ! ಬೆಟ್ಟದ ತಂಪು ಮೊಣಕಾಲಿಗೆ ಒಳ್ಳೆಯದೆಂದ, ಅಲ್ಲಿನ ಕಾಫಿ ಎದೆಗೆ ಒಳ್ಳೆಯದೆಂದ, ಮಸೀದಿಯ ಕಿಟಕಿಯನ್ನು ವಾರಕ್ಕೆ ಒಂದು ಮೊಳ ಅಗಲ ಮಾಡಿದ. ಐದನೇ ಗುರುವಾರ ಉಮ್ಮು ನಾಸಿರ್ ಊರುಗೋಲನ್ನು ನೆಲಕ್ಕೆ ಕುಟ್ಟಿ ಹೇಳಿದಳು:

"ಹೊರಟೆ. ನಾಸಿರ್ ಬರುತ್ತಾನೆ, ಮಿಸ್ನಾ ಬರುತ್ತಾಳೆ. ಆ ಮಸೀದಿಯಲ್ಲಿ ಕಡಲು ನೋಡುತ್ತಾ ಒಂದು ಮಗ್ರಿಬ್ ಮಾಡಿ ಬರಬೇಕು. ದಾರಿ ತೋರಿಸಲು ನೀನೂ ಬಾ. ನಿನ್ನ ಅಂಗಡಿಯ ಧಣಿ, ಆ ಕಫೀಲನ ಹತ್ತಿರ ಮಾತಾಡಿದ್ದೇನೆ, ಹತ್ತು ದಿನ ರಜೆ ಕೊಟ್ಟಿದ್ದಾನೆ."

ಮಾರಾಟ ಮಾಡುವವನು ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಬೇಕು. ಹಮೀದನಿಗೆ ತಿಳಿದಿರಲಿಲ್ಲ.

ಮನೆಯಲ್ಲಿ ಹೆಂಡತಿ ನಫೀಸತ್ ಮೀನು ಹುರಿಯುತ್ತಿದ್ದಳು. ವಿಷಯ ಕೇಳಿ ಸೌಟು ಕೈಯಲ್ಲೇ ಹಿಡಿದು ಹೊರಗೆ ಬಂದಳು.

"ನಿಮಗೆ ಎಂತ ಮರ್ಲಾ? ದಮ್ಮಾಮ್‌ನಲ್ಲಿ ಇಳಿಯುವ ಬಸ್‌ಸ್ಟಾಪ್ ಗೊತ್ತಿಲ್ಲದೆ ಖತೀಫಿಗೆ ಹೋಗಿ ಕೂತವರು ನೀವು. ಇಂಡೋನೇಷ್ಯಾದಲ್ಲಿ ದಾರಿ ತೋರಿಸ್ತೀರಾ?"

"ಎಂತ ಮಾಡುದು ಮಾರಾಯ್ತಿ, ಬಾಯಿಂದ ಬಂದು ಆಯ್ತು."

"ಬಾಯಿಂದ ಬಂದದ್ದಲ್ಲ, ಹತ್ತೊಂಬತ್ತು ವರ್ಷ ಕೂತು ಸಾಕಿದ್ದು. ಆ ಅಜ್ಜಿ ಅಲ್ಲಿಗೆ ಹೋಗಿ ಕಡಲು ಎಲ್ಲಿ ಅಂತ ಕೇಳಿದ್ರೆ ಎಂತ ಹೇಳ್ತೀರಿ? ರಿಪೇರಿಗೆ ಕೊಟ್ಟಿದ್ದಾರೆ ಅಂತ ಹೇಳ್ತೀರಾ?" ಎಂದವಳು, ಒಳಗೆ ಹೋಗುತ್ತಾ ಕೊನೆಯ ಮಾತು ಬಿಟ್ಟಳು: "ಸಾಂಬ್ರಾಣಿ!"

ಅಂಗಡಿಯಲ್ಲಿ ಸಾಂಬ್ರಾಣಿ ತೊಲಕ್ಕೆ ಇಷ್ಟೆಂದು ಮಾರಾಟವಾಗುತ್ತದೆ, ಮನೆಯಲ್ಲಿ ಬಿಟ್ಟಿಯಾಗಿ ಸಿಕ್ಕಿತು. ಹಮೀದನಿಗೆ ಆ ದಿನ ಮೀನು ರುಚಿಸಲಿಲ್ಲ. ಉಮ್ಮು ನಾಸಿರ್ ಕೈತಪ್ಪಿ ಹೋದರೆ ಅವಳೊಬ್ಬಳೇ ಹೋಗುವುದಿಲ್ಲ, ಅವಳ ಮಾತಿನ ಮೇಲೆ ಬರುವ ಇಪ್ಪತ್ತು ಮನೆಗಳೂ ಹೋಗುತ್ತವೆ. ಅದಕ್ಕಿಂತ ಹೆಚ್ಚಾಗಿ, "ಹಮೀದ್ ಹೇಳಿದನಾ? ಹಾಗಾದರೆ ಸರಿ" ಎಂಬ ಆ ಒಂದು ಮಾತು ಹೋಗುತ್ತದೆ. ಅದಿಲ್ಲದೆ ಆ ಅಂಗಡಿಯಲ್ಲಿ ನಿಲ್ಲುವುದು ಹೇಗೆಂದು ಅವನಿಗೆ ಹೊಳೆಯಲಿಲ್ಲ.

ಹಾಗಾಗಿ ಮುಂದಿನ ಗುರುವಾರ ಒಂದು ಹೇಡಿಯ ಕೆಲಸಕ್ಕೆ ಕೈ ಹಾಕಿದ. ಮುಖ ಸಣ್ಣದು ಮಾಡಿಕೊಂಡು, "ಉಮ್ಮೀ, ಬೆಟ್ಟ ಹೊಗೆ ಬಿಡುತ್ತಿದೆಯಂತೆ. ಈ ಸಲ ಬೇಡವೇನೋ" ಎಂದ.

ಉಮ್ಮು ನಾಸಿರ್ ಮೊಣಕಾಲು ನೀವಿಕೊಂಡಳು. "ಹಾಗಾದರೆ ಮುಂದಿನ ಈದ್ ಕಳೆಯಲಿ."

ಮಿಸ್ನಾ ಬಾಗಿಲ ಬಳಿ ನಿಂತಿದ್ದಳು. ಜಗಳ ಮಾಡಲಿಲ್ಲ, ಸೂರ್ಯನ ಗುಟ್ಟು ಬಿಚ್ಚಲಿಲ್ಲ. ಕೈಯಲ್ಲಿದ್ದ ಚೀಲದೊಳಗೆ ಒಂದು ಗುಲಾಬಿ ಬಣ್ಣದ ಸ್ಕೂಲ್ ಬ್ಯಾಗ್ ಇತ್ತು, ಬರುವ ದಾರಿಯಲ್ಲಿ ಮಗಳಿಗೆಂದು ಕೊಂಡದ್ದು. ಅದನ್ನು ಹಾಗೇ ಒಳಕ್ಕೆ ತಳ್ಳಿ ಮುಖವನ್ನು ಗಾಜಿನ ಕಡೆ ತಿರುಗಿಸಿಕೊಂಡಳು. ಬೈದಿದ್ದರೆ ಹಮೀದ್ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲು ಆಗಲಿಲ್ಲ.

"ಅಲ್ಲ ಉಮ್ಮೀ," ಎಂದ, "ಅದು ಯಾವಾಗಲೂ ಬಿಡುವ ಹೊಗೆಯೇ. ನಮ್ಮ ಕುಂಡದ ಹೊಗೆಯ ಹಾಗೆ. ನಾನು ಸುಮ್ಮನೆ ಹೆದರಿದೆ. ಹೋಗುವ. ಈಗಲೇ ಹೋಗುವ."

ಹೋದರು. ಎರಡು ವಿಮಾನ, ಒಂದು ರೈಲು. ನಾಸಿರ್ ನಲವತ್ತೈದರ ಗಂಡಸು, ಫೋನಿನಿಂದ ತಲೆ ಎತ್ತದೆ ಖಂಡಾಂತರ ದಾಟಬಲ್ಲವನು. ಬಾನ್ಯುವಾಂಗಿಯ ಸ್ಟೇಷನ್ನಿನಲ್ಲಿ ಇಳಿದಾಗ ಹಮೀದ್ ಎದೆಯುಬ್ಬಿಸಿ "ಈ ಕಡೆ" ಎಂದು ನಡೆದ, ಎಲ್ಲರನ್ನೂ ನೇರವಾಗಿ ಗಂಡಸರ ಪಾಯಖಾನೆಯ ಬಾಗಿಲಿಗೆ ಕರೆದೊಯ್ದ. ಅಲ್ಲಿಂದ ಮುಂದೆ ಮಿಸ್ನಾ ಅವನಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾ ಬಲ, ಎಡ ಎಂದು ಪಿಸುಗುಡುತ್ತಿದ್ದಳು, ಹಮೀದ್ ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದ.

ಮೊದಲು ಅವಳ ಮನೆ. ಓಣಿಯ ಕೊನೆಯ ಮನೆಯ ಜಗಲಿಯಲ್ಲಿ ಅಜ್ಜಿಯ ಬೆನ್ನ ಹಿಂದೆ ನಿಂತಿದ್ದ ಹುಡುಗಿ ಅಮ್ಮನನ್ನು ನೋಡಿ ಮುಂದೆ ಬರಲಿಲ್ಲ. ಮಿಸ್ನಾ ಕರೆದಳು, ಅವಳು ಇನ್ನಷ್ಟು ಹಿಂದೆ ಸರಿದಳು. ಸ್ಕೂಲ್ ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ಮಿಸ್ನಾ ಅಲ್ಲೇ ನೆಲದ ಮೇಲೆ ಕೂತಳು. ತುಂಬಾ ಹೊತ್ತಿನ ಮೇಲೆ ಹುಡುಗಿ ಬಂದು ಬ್ಯಾಗಿನ ಜಿಪ್ ಎಳೆದು ನೋಡಿದಳು, ಅಮ್ಮನನ್ನು ನೋಡಲಿಲ್ಲ. ಇದನ್ನೆಲ್ಲ ಉಮ್ಮು ನಾಸಿರ್ ಕಾರಿನ ಕಿಟಕಿಯಿಂದ ಕಂಡಳು. ಹೊಟೇಲಿಗೆ ಹೋಗುವ ದಾರಿಯುದ್ದಕ್ಕೂ ಆಕೆ ಹಿಂದಕ್ಕೇ ತಿರುಗಿ ನೋಡುತ್ತಿದ್ದಳು.

ಮರುದಿನ ಬಲುರಾನ್. ಗೈಡ್ ಬಹಳ ಹೆಮ್ಮೆಯಿಂದ ಕೈ ಬೀಸಿ, ಇದು ಜಾವಾದ ಆಫ್ರಿಕಾ ಎಂದ. ಕಣ್ಣು ಹಾಯುವವರೆಗೆ ಒಣಹುಲ್ಲು, ಸುಡುವ ಬಿಸಿಲು, ಅಲ್ಲೊಂದು ಇಲ್ಲೊಂದು ಮರ.

"ಇದನ್ನು ನೋಡಲಿಕ್ಕೆ ವಿಮಾನ ಹತ್ತಿದೆನಾ?" ಉಮ್ಮು ನಾಸಿರ್ ಕಣ್ಣರಳಿಸಿದಳು. "ಒಂದು ಒಂಟೆ ಬಿಟ್ಟರೆ ನಮ್ಮ ರಿಯಾದ್ ದಾರಿಯೇ." ಅಷ್ಟರಲ್ಲಿ ಒಂದು ಮಂಗ ಆಕೆಯ ಮಡಿಲಿನಿಂದ ಖರ್ಜೂರದ ಪೊಟ್ಟಣ ಹಾರಿಸಿಕೊಂಡು ಹೋಗಿ ಕೊಂಬೆಯ ಮೇಲೆ ಕೂತು, ಒಂದೊಂದೇ ತಿಂದು ಬೀಜವನ್ನು ನಾಸಿರನ ತಲೆಗೆ ಉಗುಳಿತು. ಆ ದಿನ ನಾಸಿರ್ ಫೋನಿನಿಂದ ತಲೆಯೆತ್ತಿದ್ದು ಅದೊಂದೇ ಸಲ. ಉಮ್ಮು ನಾಸಿರ್ ಬಿದ್ದು ಬಿದ್ದು ನಕ್ಕಳು. "ಮಂಗ ಚೆನ್ನಾಗಿದೆ ಹಮೀದ್, ನಿನ್ನ ಕಥೆಯಲ್ಲಿ ಇದಿರಲಿಲ್ಲ" ಎಂದಳು. ಹಮೀದನೂ ನಕ್ಕ. ಆದರೆ ಹೊತ್ತು ಇಳಿಯುತ್ತಿತ್ತು, ಅದರ ಜೊತೆ ಅವನ ಜೀವವೂ.

"ಈಗ ಮಸೀದಿಗೆ" ಎಂದಳು ಆಕೆ.

ಬಂದರಿನ ಪಕ್ಕ ಪುಟ್ಟ ಮಸೀದಿ ನಿಜಕ್ಕೂ ಇತ್ತು. ಕಡಲೂರಿನಲ್ಲಿ ಇಲ್ಲದೆ ಎಲ್ಲಿ ಹೋಗುತ್ತದೆ! ಅಂಗಳದಲ್ಲಿ ಒಣಮೀನಿನ ವಾಸನೆ, ದೋಣಿ, ತೆಂಗು, ಎಲ್ಲ ಹೇಳಿದ ಹಾಗೇ. ಉಮ್ಮು ನಾಸಿರಳ ಕಣ್ಣು ಹೊಳೆಯಿತು. ಹೆಂಗಸರ ಕಡೆಯಿಂದ ಒಳಗೆ ಕಾಲಿಟ್ಟು, ಎದುರಿನ ಗೋಡೆ ನೋಡಿದಳು. ಕಿಟಕಿಯಿತ್ತು. ಕಿಟಕಿಯಾಚೆ ಬೀದಿ, ಬಾಳೆಗಿಡ, ದೂರದಲ್ಲಿ ಬೆಟ್ಟ. ಸೂರ್ಯ ಆ ಬೆಟ್ಟದ ಹಿಂದೆ ಇಳಿಯುತ್ತಿದ್ದ. ಆಕೆ ತಿರುಗಿ ನೋಡಿದಳು. ಕಡಲು ಬೆನ್ನಿಗಿತ್ತು.

"ಇಲ್ಲೂ ಬೆನ್ನಿಗೇ?" ಎಂದಳು, ಮಗುವಿನ ದನಿಯಲ್ಲಿ.

ಹೊರಗೆ ಮೆಟ್ಟಿಲ ಬಳಿ ನಿಂತಿದ್ದ ಹಮೀದನನ್ನು ನೋಡಿ ಕೇಳಿದಳು: "ಇದು ಬೇರೆ ಮಸೀದಿಯಾ? ನಿನ್ನದು ಎಲ್ಲಿ?"

ಬೇರೆಯದು, ಈಗ ಒಡೆದುಹಾಕಿದ್ದಾರೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಎಪ್ಪತ್ತು ದಾಟಿದ ಆ ಜೀವ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಎರಡು ವಿಮಾನ ಹತ್ತಿ ಬಂದು, ಅವನ ಮಾತನ್ನು ಹುಡುಕುತ್ತಾ ಗೋಡೆಯಿಂದ ಗೋಡೆಗೆ ನೋಡುತ್ತಿತ್ತು. ಹಮೀದನಿಗೆ ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು.

"ನನ್ನದು ಅಂತ ಯಾವುದೂ ಇಲ್ಲ, ಉಮ್ಮೀ. ನಾನು ಈ ಊರಿಗೆ ಬಂದದ್ದು ನಿನ್ನೆಯೇ ಮೊದಲು. ಎಲ್ಲ ಬುರುಡೆ. ಮರ ನಿಜ, ತೂಕ ನಿಜ. ನಾನೊಬ್ಬನೇ ಸುಳ್ಳು."

ಆಕೆ ಊರುಗೋಲನ್ನು ಮೆಟ್ಟಿಲಿಗೆ ಊರಿ ನಿಂತಳು. ಕೂಗಾಡಲಿಲ್ಲ. "ಹತ್ತೊಂಬತ್ತು ವರ್ಷ ನಾನು ನಿನ್ನ ಮೂಗಿನಿಂದ ಉಸಿರಾಡಿದೆ" ಎಂದಳು. "ಮರವೂ ನಿಜ ಅಂತ ಇನ್ನು ಹೇಗೆ ನಂಬಲಿ?"

"ಮಾಮಾ, ನನಗೂ ಗೊತ್ತಿತ್ತು" ಎಂದಳು ಆಕೆಯ ಕೈ ಹಿಡಿದು ನಿಂತಿದ್ದ ಮಿಸ್ನಾ. "ನಾನೇ ಮುಚ್ಚಿಟ್ಟೆ. ಮಗಳನ್ನು ನೋಡಬೇಕಿತ್ತು. ಮುಂದಿನ ಈದ್ ಎಂದು ನೀವೂ ಹೇಳಿದ್ದಿರಿ."

ಉಮ್ಮು ನಾಸಿರ್ ಅಲ್ಲಿಂದ ತಿರುಗಿದಳು. ಒಳಗೆ ಹೋಗಿ ಕಡಲಿಗೆ ಬೆನ್ನು ಹಾಕಿಯೇ ಮಗ್ರಿಬ್ ಮಾಡಿದಳು.

ಮರುದಿನದಿಂದ ಹಮೀದನ ಜೊತೆ ಮಾತು ಬಂದ್. ಹೇಳುವುದಿದ್ದರೆ ಮಗನ ಮೂಲಕ. ನಸುಕಿನ ಫಜ್ರ್ ನಮಾಜ್ ಮುಗಿಸಿ ಇಜೆನ್ ಹತ್ತಲು ಹೊರಟಾಗ, ಮೊಣಕಾಲು ನೋವಿನವರನ್ನು ಬೆಟ್ಟಕ್ಕೆ ಎಳೆದೊಯ್ಯುವ ಕೈಗಾಡಿಗಳು ಸಾಲಾಗಿ ನಿಂತಿದ್ದವು. ಗಂಧಕ ಹೊರುವವರೇ ಮುಂದೆ ಇಬ್ಬರು ಎಳೆದು, ಹಿಂದೆ ಒಬ್ಬ ತಳ್ಳುವ ಎರಡು ಚಕ್ರದ ಗಾಡಿ. ಅಲ್ಲಿನವರು ಅದಕ್ಕೆ ಇಟ್ಟ ಹೆಸರು ಲ್ಯಾಂಬೋರ್ಗಿನಿ.

"ಆ ಮನುಷ್ಯನಿಗೆ ಹೇಳು," ಎಂದಳು ಉಮ್ಮು ನಾಸಿರ್ ಗಾಡಿಯಲ್ಲಿ ರಾಣಿಯ ಹಾಗೆ ಕೂತು, "ಅವನು ನಡೆದುಕೊಂಡೇ ಬರಲಿ. ಮೊದಲೇ ಹತ್ತಿದವನಲ್ಲವಾ, ಅಭ್ಯಾಸವಿರುತ್ತದೆ."

ಹಮೀದ್ ಏದುಸಿರು ಬಿಡುತ್ತಾ, ಗಂಧಕದ ಹೊಗೆಗೆ ಕೆಮ್ಮುತ್ತಾ, ಮಾತಿನಲ್ಲಿ ಸಾವಿರಾರು ಸಲ ಹತ್ತಿದ್ದ ಬೆಟ್ಟವನ್ನು ಮೊದಲ ಸಲ ಕಾಲಿನಲ್ಲಿ ಹತ್ತಿದ. ಮೇಲೆ ಹಸಿರು ಕೆರೆ ಕಂಡಾಗ ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟ. ಇಷ್ಟು ವರ್ಷ ಹೇಳಿದ್ದೆಲ್ಲ ಸಪ್ಪೆ ಎನಿಸಿತು.

ಇಳಿದು ಬಂದಾಗ ಬುಡದಲ್ಲಿ ಒಂದು ಮಾರಾಟದ ಗೂಡು. ಉಮ್ಮು ನಾಸಿರ್ ಕಪ್ಪಗೆ ಮಿರುಗುವ ಒಂದು ದೊಡ್ಡ ಊದಿನ ತುಂಡನ್ನು ಎತ್ತಿಕೊಂಡಳು. ಎರಡು ಮಾರು ದೂರದಿಂದಲೇ ಹಮೀದನಿಗೆ ವಿಷಯ ಗೊತ್ತಾಯಿತು. ಸಾದಾ ಮರಕ್ಕೆ ಬಣ್ಣ ಹಚ್ಚಿ ಎಣ್ಣೆ ಕುಡಿಸಿದ್ದರು. "ಉಮ್ಮೀ, ಅದು..." ಎಂದು ಬಾಯಿ ತೆರೆದ.

"ನಾಸಿರ್, ಆ ಮನುಷ್ಯನಿಗೆ ಬಾಯಿ ಮುಚ್ಚಲು ಹೇಳು."

ಮುಚ್ಚಿದ. ಆಕೆ ತುಂಡನ್ನು ಕೊಂಡು, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡಳು.

ಹೊರಡುವ ದಿನ ಮಿಸ್ನಾ ಪೆಟ್ಟಿಗೆ ಕಟ್ಟಿಕೊಂಡು ಬಂದಳು. ಮಗಳು ಅವಳ ಕೈ ಹಿಡಿದುಕೊಂಡಿದ್ದಳು, ಹಿಡಿದದ್ದನ್ನು ಬಿಡುವ ಲಕ್ಷಣ ಇರಲಿಲ್ಲ. ಉಮ್ಮು ನಾಸಿರ್ ಊರುಗೋಲಿನ ತುದಿಯಿಂದ ಆ ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಿದಳು. "ನೀನು ಇಲ್ಲೇ ಇರು. ಬರಬೇಕು ಅನಿಸಿದ ದಿನ ಫೋನ್ ಮಾಡು. ಅನಿಸದಿದ್ದರೂ ಫೋನ್ ಮಾಡು." ಆಮೇಲೆ ರೈಲಿನಲ್ಲಿ ಕೂತು, ಯಾರಿಗೂ ಮುಖ ತೋರಿಸದೆ ಅತ್ತಳು. ಹಮೀದ್ ನೀರಿನ ಬಾಟಲಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಆಕೆ ಕುಡಿಯಲಿಲ್ಲ, ವಾಪಸ್ ತಳ್ಳಲೂ ಇಲ್ಲ.

ಥುಕ್ಬಾದಲ್ಲಿ ಒಂದು ಗುರುವಾರ ಕಳೆಯಿತು, ಎರಡು ಕಳೆಯಿತು, ಆರು ಕಳೆಯಿತು. ಕುರ್ಚಿ ಖಾಲಿ. ಹಮೀದ್ ಈಗ ಕಥೆ ಹೇಳುವುದನ್ನು ಬಿಟ್ಟಿದ್ದ. ಗಿರಾಕಿ ಎಲ್ಲಿಯ ಮರ ಎಂದು ಕೇಳಿದರೆ "ಪೆಟ್ಟಿಗೆಯ ಮೇಲೆ ಬಾನ್ಯುವಾಂಗಿ ಅಂತ ಇದೆ" ಎನ್ನುತ್ತಿದ್ದ. ಗಿರಾಕಿಗಳು ಪೆಟ್ಟಿಗೆ ನೋಡಿ, ಇವನ ಮುಖ ನೋಡಿ, ಅರ್ಧ ತೊಲ ಕಟ್ಟಿಸಿಕೊಂಡು ಹೋಗುತ್ತಿದ್ದರು. ಕಫೀಲ್ ಬಂದು, ಹುಷಾರಿಲ್ಲವಾ ಎಂದು ವಿಚಾರಿಸಿದ.

"ಆ ಅಜ್ಜಿಗೆ ಒಂದು ಫೋನ್ ಮಾಡಿ" ಎಂದಳು ನಫೀಸತ್.

"ಎಂತ ಹೇಳುದು?"

"ಎಂತದೂ ಹೇಳ್ಬೇಡಿ. ಹೇಳಿ ಹೇಳಿಯೇ ಅಲ್ವಾ ಇಷ್ಟೆಲ್ಲ ಆದದ್ದು."

ಏಳನೇ ಗುರುವಾರ ಬಾಗಿಲಲ್ಲಿ ಊರುಗೋಲಿನ ಸದ್ದು. ಉಮ್ಮು ನಾಸಿರ್ ಒಬ್ಬಳೇ ಬಂದು ಕುರ್ಚಿಯಲ್ಲಿ ಕೂತು, ರೇಷ್ಮೆ ಬಟ್ಟೆಯ ಗಂಟನ್ನು ಗಾಜಿನ ಮೇಲಿಟ್ಟಳು. "ನಾಳೆ ಮೊಮ್ಮಗಳ ನಿಶ್ಚಯ. ಮನೆ ತುಂಬ ಜನ. ಇದನ್ನು ಸುಡಬೇಕು ಅಂತಿದ್ದೇನೆ. ನೋಡಿ ಹೇಳು."

ಚೆನ್ನಾಗಿದೆ ಎಂದರೆ ಆಕೆ ಸಂತೋಷದಿಂದ ಹೋಗುತ್ತಾಳೆ, ನಾಳೆ ಮನೆ ತುಂಬ ನೆಂಟರ ಮುಂದೆ ಎಣ್ಣೆ ಕಮಟುತ್ತದೆ. ಕೆಟ್ಟದ್ದು ಎಂದರೆ, ಸೇಡಿಗೆ ಹೇಳಿದ ಎಂದುಕೊಂಡು ಆಕೆ ಮತ್ತೆ ಈ ಮೆಟ್ಟಿಲು ತುಳಿಯಲಿಕ್ಕಿಲ್ಲ. ಎರಡು ಕಡೆಯೂ ಕುತ್ತಿಗೆಗೇ ಬಂತು. ಒಂದು ಚೂರು ಕೆತ್ತಿ ಮೂಸುವ ನಾಟಕವನ್ನೂ ಅವನು ಮಾಡಲಿಲ್ಲ.

"ಇದು ಊದ್ ಅಲ್ಲ, ಉಮ್ಮೀ. ಬಣ್ಣ ಹಚ್ಚಿದ ಸಾದಾ ಮರ. ನಿಮಗೆ ಮೋಸ ಮಾಡಿದ್ದಾರೆ. ಅಲ್ಲಿಯೇ ನನಗೆ ಗೊತ್ತಾಗಿತ್ತು."

ಉಮ್ಮು ನಾಸಿರ್ ಗಂಟನ್ನು ತನ್ನ ಕಡೆಗೆ ಎಳೆದುಕೊಂಡಳು. ಬೆರಳಿನಿಂದ ಆ ಮಿರುಗುವ ಕಪ್ಪನ್ನು ಉಜ್ಜಿದಳು, ಬೆರಳು ಕಪ್ಪಾಯಿತು. ಆ ಬೆರಳನ್ನು ರೇಷ್ಮೆ ಬಟ್ಟೆಗೇ ಒರೆಸಿದಳು.

"ನನಗೂ ಅನುಮಾನವಿತ್ತು" ಎಂದಳು ಕೊನೆಗೆ. "ಸರಿ. ನಿನ್ನ ಮನೆಯಲ್ಲಿ ಮದುವೆಯಾದರೆ ನೀನು ಯಾವುದನ್ನು ಸುಡುತ್ತೀಯೋ ಅದನ್ನು ಎರಡು ತೊಲ ಕೊಡು. ಕಥೆ ಬೇಡ."

ಹಮೀದ್ ಮಾತಿಲ್ಲದೆ ಡಬ್ಬಿ ಇಳಿಸಿದ, ಮಾತಿಲ್ಲದೆ ತೂಗಿದ, ಮಾದರಿಗೆ ಒಂದು ಚೂರನ್ನು ಕೆಂಡಕ್ಕಿಟ್ಟ. ಹೊಗೆ ಎದ್ದಿತು. ಆಕೆ ಎರಡು ಸಲ ಒಳಗೆಳೆದುಕೊಂಡಳು, ಕಣ್ಣು ಮುಚ್ಚಿದಳು, ತೆರೆದಳು, ಕುರ್ಚಿಯಲ್ಲಿ ಆ ಕಡೆ ಈ ಕಡೆ ಸರಿದಳು. ಊರುಗೋಲನ್ನು ಕುಟ್ಟಿದಳು.

"ಎಂಥ ಸಪ್ಪೆ! ಏನಾದರೂ ಹೇಳೋ."

"ನಿಜವಾ ಸುಳ್ಳಾ, ಉಮ್ಮೀ?"

"ಸುಳ್ಳಾದರೂ ಅಡ್ಡಿಯಿಲ್ಲ. ಊದಿನ ವಿಷಯ ನೀನು ನಿಜ ಹೇಳುತ್ತೀಯ, ಅಷ್ಟು ಸಾಕು."

ಆಗ ಹಮೀದ್ ಉಳ್ಳಾಲದ ವಿಷಯ ತೆಗೆದ. ನದಿ ಬಂದು ಕಡಲಿಗೆ ಸೇರುವ ಅಳಿವೆ, ಕಡಲು ಕೊರೆಯದಂತೆ ಹಾಕಿದ ಕಲ್ಲಿನ ದಂಡೆ, ದಂಡೆಯ ಈಚೆಗೆ ಅವನ ಉಪ್ಪ, ಅಂದರೆ ಅಪ್ಪ, ಅವನನ್ನು ಕೈ ಹಿಡಿದು ಕರೆದೊಯ್ಯುತ್ತಿದ್ದ ಮಸೀದಿ. ಅಲ್ಲಿ ಮಗ್ರಿಬಿಗೆ ನಿಂತರೆ ಎದುರಿಗೆ ಕಡಲೇ. ಮಳೆಗಾಲದಲ್ಲಿ ಅಲೆಯ ಹನಿ ಕಿಟಕಿಯೊಳಗೆ ಹಾರಿ ಮೊದಲ ಸಾಲಿನವರ ಗಡ್ಡ ಒದ್ದೆಯಾಗುತ್ತಿತ್ತು, ಆದರೂ ಯಾರೂ ಕಿಟಕಿ ಮುಚ್ಚುತ್ತಿರಲಿಲ್ಲ. ಅದನ್ನು ನೋಡದೆ ಐದು ವರ್ಷವಾಯಿತು ಎಂದ. ಹತ್ತೊಂಬತ್ತು ವರ್ಷದಲ್ಲಿ ಆ ಅಂಗಡಿಯಲ್ಲಿ ನಿಂತು ಅವನು ಒಂದಕ್ಷರವೂ ಬೆರಕೆಯಿಲ್ಲದೆ ಹೇಳಿದ ಕಥೆ ಅದೊಂದೇ.

ಉಮ್ಮು ನಾಸಿರ್ ಅದರಲ್ಲಿ ಒಂದಕ್ಷರವನ್ನೂ ನಂಬಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

"ಅಲೆಯ ಹನಿ ಗಡ್ಡಕ್ಕೆ! ಸುಳ್ಳ, ಶುದ್ಧ ಸುಳ್ಳ ನೀನು" ಎಂದಳು. ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಕೊಂಡಳು. "ಹ್ಞೂಂ, ಮುಂದೆ ಹೇಳು."